ಮೀಟರು ಯಾರೊಡನೆ ಮಾತನಾಡಬೇಕು?

‘ಇದು ವಿಜ್ಞಾನಯುಗ’ ಎಂಬ ವಾಕ್ಯದಿಂದ ಲೇಖನವನ್ನು ಆರಂಭಿಸುವುದು ಕಾಲೇಜು ಸಂಚಿಕೆಗಳಲ್ಲಿ ಬಹುಕಾಲದಿಂದ ನಡೆದುಬಂದ ವಾಡಿಕೆ. ಆ ವಾಡಿಕೆಯನ್ನು ಮೀರುವ ಧೈರ್ಯ ನನಗಿಲ್ಲ. ಆದರೆ ಒಂದು ಮಾತನ್ನು ಸೇರಿಸುತ್ತೇನೆ. ವಿಜ್ಞಾನವು ಪ್ರಯೋಗಶಾಲೆಯಿಂದ ಹೊರಟು ಪೇಟೆಯ ಮಾರ್ಗವಾಗಿಯೇ ನಮ್ಮ ಮನೆಗಳನ್ನು ತಲಪುತ್ತದೆ. ಹಾಗೆ ಬರುವಾಗ ಅದು ಯಾರ ಬಾಗಿಲನ್ನು ಮೊದಲು ತಟ್ಟುತ್ತದೆ, ಯಾರ ಹಿತವನ್ನು ಮೊದಲು ನೋಡುತ್ತದೆ ಎಂದು ವಿಚಾರಮಾಡುವುದು ಅರ್ಥಶಾಸ್ತ್ರವನ್ನು ಓದುವ ನಮ್ಮಂತಹವರ ಕೆಲಸವಾಗಬೇಕು.

ಈಗ ಪೇಟೆಯಲ್ಲಿ ಹೊಸದಾಗಿ ಸದ್ದುಮಾಡುತ್ತಿರುವುದು ಮನೆಯ ವಿದ್ಯುಚ್ಛಕ್ತಿಯನ್ನು ನಿರ್ವಹಿಸುವ ಯಂತ್ರಗಳು. ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದರೆ ಎಷ್ಟು ಕರೆಂಟು ಹರಿಯಿತೆಂದು ಫೋನಿಗೆ ತಿಳಿಸುವ ಪುಟ್ಟ ಪೆಟ್ಟಿಗೆಗಳು. ಯಾರೂ ಇಲ್ಲದ ಕೋಣೆಯ ದೀಪವನ್ನು ತಾವಾಗಿಯೇ ಆರಿಸುವ ಸಾಧನಗಳು. ಬಿಸಿಲಿರುವಾಗ ಬ್ಯಾಟರಿಯನ್ನು ತುಂಬಿಸಿಕೊಂಡು ಕತ್ತಲಾದ ಮೇಲೆ ಅದನ್ನು ಬಳಸುವ ಏರ್ಪಾಡುಗಳು. ಇವೆಲ್ಲಕ್ಕೂ ಹಿರಿಯಣ್ಣನಂತೆ ಸ್ಮಾರ್ಟ್ ಮೀಟರು. ಇವುಗಳನ್ನು ಕೊಂಡರೆ ಬಿಲ್ಲು ಇಳಿಯುತ್ತದೆಂದು ಜಾಹೀರಾತು ಹೇಳುತ್ತದೆ. ಇಳಿಯಬಹುದು. ನನ್ನ ತಕರಾರು ಯಂತ್ರದ ಮೇಲಲ್ಲ, ಅದು ಬೆಳೆಯುತ್ತಿರುವ ದಿಕ್ಕಿನ ಮೇಲೆ. ಮೀಟರು ಮೊದಲು ಮನೆಯಲ್ಲಿ ವಾಸಮಾಡುವವರೊಡನೆ ಮಾತನಾಡಬೇಕು, ಆಮೇಲೆ ಕಂಪನಿಯೊಡನೆ. ಈಗ ನಡೆಯುತ್ತಿರುವುದು ಇದರ ವಿಪರ್ಯಾಸ.

ಈ ಪೇಟೆ ಹುಟ್ಟಿದ ನಾಡನ್ನು ನೆನೆದರೆ ವಿಷಯ ಸ್ಪಷ್ಟವಾಗುತ್ತದೆ. ಅಮೆರಿಕದಲ್ಲಿ 2011ರಲ್ಲಿ ನೆಸ್ಟ್ ಎಂಬ ಉಷ್ಣನಿಯಂತ್ರಕವೊಂದು ಮಾರಾಟಕ್ಕೆ ಬಂದಿತು. ಗೋಡೆಯ ಮೇಲೆ ಕುಳಿತು ಮನೆಯವರು ಏಳುವ ಹೊತ್ತು, ಹೊರಗೆ ಹೋಗುವ ಹೊತ್ತುಗಳನ್ನು ಕಲಿತುಕೊಂಡು ಮನೆಯ ಬಿಸಿ ತಂಪುಗಳನ್ನು ತಾನೇ ಹೊಂದಿಸುವ ಸಾಧನವದು. ಮೂರು ವರ್ಷ ತುಂಬುವುದರೊಳಗೆ, 2014ರಲ್ಲಿ, ಗೂಗಲ್ ಸಂಸ್ಥೆಯು ಅದನ್ನು ತಯಾರಿಸುವ ಕಂಪನಿಯನ್ನು 320 ಕೋಟಿ ಡಾಲರಿಗೆ ಕೊಂಡಿತು. ಆ ದೇಶದ ಮನೆಗಳಲ್ಲಿ ಖರ್ಚಾಗುವ ಶಕ್ತಿಯಲ್ಲಿ ಸುಮಾರು ಅರ್ಧ ಭಾಗ ಕೋಣೆಗಳನ್ನು ಬೆಚ್ಚಗೆ ಅಥವಾ ತಣ್ಣಗೆ ಇಡುವುದಕ್ಕೇ ಹೋಗುತ್ತದೆ. ಯಾರೂ ಇಲ್ಲದ ಮನೆಯನ್ನು ಬೆಚ್ಚಗಿಡುವುದು ಅಲ್ಲಿ ನಿಜವಾದ ದುಂದು. ಅದನ್ನು ತಡೆಯುವ ಯಂತ್ರಕ್ಕೆ ಅಲ್ಲಿ ನಿಜವಾದ ಬೆಲೆಯುಂಟು.

ನಮ್ಮಲ್ಲಿ? 2023ರ ಜುಲೈ ತಿಂಗಳಿನಿಂದ ನಮ್ಮ ರಾಜ್ಯದಲ್ಲಿ ಗೃಹಜ್ಯೋತಿ ಯೋಜನೆ ಜಾರಿಗೆ ಬಂದಾಗ, ಹಿಂದಿನ ಲೆಕ್ಕವಿಲ್ಲದ ಹೊಸ ಮನೆಗಳಿಗೆ ರಾಜ್ಯದ ಸರಾಸರಿಯೆಂದು ಹಿಡಿದದ್ದು ತಿಂಗಳಿಗೆ 53 ಯೂನಿಟ್ಟು. ಈ ಐವತ್ತಮೂರು ಯೂನಿಟ್ಟಿನ ಮನೆಯೊಳಗೆ ಹೊಕ್ಕು ನೋಡೋಣ. ನಮ್ಮದೂ ಅಂತಹುದೇ ಮನೆ. 9 ವ್ಯಾಟಿನ ಎರಡು ಎಲ್.ಇ.ಡಿ. ಬಲ್ಬುಗಳು ದಿನಕ್ಕೆ ಐದು ಗಂಟೆ ಉರಿದರೆ ತಿಂಗಳಿಗೆ ಮೂರು ಯೂನಿಟ್ಟೂ ಆಗುವುದಿಲ್ಲ. ಟೆಲಿವಿಷನ್ನು ನಾಲ್ಕು ಗಂಟೆ ನಡೆದರೆ ಏಳು ಯೂನಿಟ್ಟು. ಚಟ್ನಿ ರುಬ್ಬುವ ಮಿಕ್ಸಿ ದಿನಕ್ಕೆ ಕಾಲು ಗಂಟೆ ತಿರುಗಿದರೆ ನಾಲ್ಕು ಯೂನಿಟ್ಟು. 75 ವ್ಯಾಟಿನ ಹಳೆಯ ಫ್ಯಾನು ಹತ್ತು ಗಂಟೆ ತಿರುಗಿದರೆ ಇಪ್ಪತ್ತೆರಡೂವರೆ. ಉಳಿದದ್ದರಲ್ಲಿ ಒಂದು ಸಣ್ಣ ಫ್ರಿಜ್ಜು, ಫೋನುಗಳ ಚಾರ್ಜು. ಇಲ್ಲಿ ನಿರ್ವಹಿಸುವುದಕ್ಕೆ ಏನಿದೆ? ಯಾರೂ ಇಲ್ಲದ ಕೋಣೆಯ ದೀಪವನ್ನು ಆರಿಸುವ ಯಂತ್ರವನ್ನು ತಂದರೆ, ನಮ್ಮ ಮನೆಯಲ್ಲಿ ಯಾರೂ ಇಲ್ಲದ ಕೋಣೆಯನ್ನು ಮೊದಲು ಕಟ್ಟಿಸಬೇಕಾದೀತು!

ಇನ್ನೊಂದು ತಮಾಷೆಯನ್ನು ಗಮನಿಸಿ. ಈ ಯಂತ್ರಗಳು ಕೆಲಸಮಾಡಬೇಕಾದರೆ ಮನೆಯಲ್ಲಿ ಇಂಟರ್ನೆಟ್ಟಿನ ಪೆಟ್ಟಿಗೆಯೊಂದು ಹಗಲಿರುಳು ಎಚ್ಚರವಾಗಿರಬೇಕು. ಆ ಪೆಟ್ಟಿಗೆ 10 ವ್ಯಾಟ್ ತೆಗೆದುಕೊಂಡರೆ ತಿಂಗಳಿಗೆ ಏಳು ಯೂನಿಟ್ಟು. ಅಂದರೆ ನಮ್ಮ ದೀಪಗಳಿಗೆ ಕಾವಲಿರುವವನು ದೀಪಗಳೆರಡೂ ಸೇರಿ ತಿನ್ನುವುದರ ಎರಡರಷ್ಟಕ್ಕಿಂತ ಹೆಚ್ಚು ತಿನ್ನುತ್ತಾನೆ.

ಹಾಗೆಂದು ಬಡವರ ಮನೆಯಲ್ಲಿ ಉಳಿತಾಯವೇ ಸಾಧ್ಯವಿಲ್ಲವೆಂದು ನಾನು ಹೇಳುತ್ತಿಲ್ಲ. ಮೇಲಿನ ಲೆಕ್ಕವನ್ನು ಮತ್ತೊಮ್ಮೆ ನೋಡಿದರೆ ಕಳ್ಳ ಸಿಕ್ಕುತ್ತಾನೆ. ಅವನು ಸೂರಿನಲ್ಲಿ ತೂಗಾಡುತ್ತಿದ್ದಾನೆ. ಈಗ ಬಂದಿರುವ ಬಿ.ಎಲ್.ಡಿ.ಸಿ. ಫ್ಯಾನುಗಳು ಅದೇ ಗಾಳಿಯನ್ನು ಸುಮಾರು 30 ವ್ಯಾಟಿನಲ್ಲಿ ಕೊಡುತ್ತವೆ. ದಿನಕ್ಕೆ ಹತ್ತು ಗಂಟೆಯಂತೆ ತಿಂಗಳಿಗೆ ಹದಿಮೂರೂವರೆ ಯೂನಿಟ್ಟು ಉಳಿಯಿತು. 2023ರ ಜನವರಿಯಿಂದ ಸೂರಿನ ಫ್ಯಾನುಗಳಿಗೂ ನಕ್ಷತ್ರಗಳ ಚೀಟಿ ಕಡ್ಡಾಯವಾಗಿರುವುದರಿಂದ ಅಂಗಡಿಯಲ್ಲಿ ನಿಂತು ಹೋಲಿಸಿ ನೋಡುವುದೂ ಸುಲಭ. ಬಲ್ಬಿನ ಉದಾಹರಣೆಯಂತೂ ನಮ್ಮ ಕಣ್ಣೆದುರಿಗೇ ಇದೆ. 2015ರ ಜನವರಿಯಲ್ಲಿ ಕೇಂದ್ರ ಸರ್ಕಾರವು ಉಜಾಲಾ ಯೋಜನೆಯನ್ನು ಆರಂಭಿಸಿ ಎಲ್.ಇ.ಡಿ. ಬಲ್ಬುಗಳನ್ನು ಸಗಟಾಗಿ ಕೊಂಡಿತು. 2014ರಲ್ಲಿ ಬಲ್ಬೊಂದಕ್ಕೆ 310 ರೂ. ಇದ್ದ ಸಗಟು ಖರೀದಿಯ ದರ ಎರಡು ವರ್ಷಗಳಲ್ಲಿ 38 ರೂ.ಗೆ ಇಳಿಯಿತು. ದೇಶದಲ್ಲಿ ಮೂವತ್ತಾರು ಕೋಟಿಗೂ ಹೆಚ್ಚು ಬಲ್ಬುಗಳು ಹಂಚಿಕೆಯಾದವು. ಯಾವ ಫೋನೂ ಇಲ್ಲದೆ, ಯಾವ ಆ್ಯಪೂ ಇಲ್ಲದೆ, ಗುಡಿಸಲಿನಿಂದ ಹಿಡಿದು ಬಂಗಲೆಯವರೆಗೆ ನಡೆದ ವಿದ್ಯುತ್ ನಿರ್ವಹಣೆ ಅದು. ಫ್ಯಾನಿಗೂ ಇಂತಹುದೇ ಭಾಗ್ಯ ಬರಬಾರದೇಕೆ?

ಇಲ್ಲಿ ಒಂದು ತೊಡಕಿದೆ. ಅದು ನಮ್ಮ ರಾಜ್ಯದ್ದೇ ತೊಡಕು. ಯೂನಿಟ್ಟಿಗೆ ಸುಮಾರು ಆರು ರೂಪಾಯಿಯೆಂದು ಹಿಡಿದರೆ ಹೊಸ ಫ್ಯಾನಿನಿಂದ ತಿಂಗಳಿಗೆ ಎಂಬತ್ತು ರೂಪಾಯಿ ಉಳಿದು, ಅದಕ್ಕಾಗಿ ಹೆಚ್ಚಾಗಿ ತೆತ್ತ ಸಾವಿರದೈನೂರು ರೂಪಾಯಿ ಎರಡು ವರ್ಷದೊಳಗೆ ಮರಳಿ ಬರುತ್ತದೆ. ಆದರೆ ಗೃಹಜ್ಯೋತಿಯ ಮನೆಯಲ್ಲಿ ಬಿಲ್ಲು ಶೂನ್ಯ. ಶೂನ್ಯದಲ್ಲಿ ಉಳಿಯುವುದೂ ಶೂನ್ಯ. ಈ ಯೋಜನೆಯನ್ನು ನಾನು ಹಳಿಯುವವಳಲ್ಲ. ಶೂನ್ಯವೆಂದು ಬರೆದ ಮೊದಲ ಬಿಲ್ಲನ್ನು ನನ್ನ ತಾಯಿ ದೇವರ ಪಟದ ಹಿಂದೆ ಸಿಕ್ಕಿಸಿದ್ದನ್ನು ಕಂಡವಳು ನಾನು. ಆದರೆ ಅದರ ಸೂತ್ರವನ್ನು ನೋಡಿ: 2022-23ರಲ್ಲಿ ಯಾವ ಮನೆ ಸರಾಸರಿ ಎಷ್ಟು ಬಳಸಿತ್ತೋ ಅಷ್ಟು, ಅದರ ಮೇಲೆ ಶೇಕಡಾ ಹತ್ತು, ಒಟ್ಟು 200 ಯೂನಿಟ್ಟಿನ ಮಿತಿಯೊಳಗೆ. ತಿಂಗಳಿಗೆ 180 ಯೂನಿಟ್ಟು ಬಳಸಿದವನಿಗೆ 198 ಯೂನಿಟ್ಟು ಉಚಿತ. 40 ಬಳಸಿ ಜೋಪಾನವಾಗಿದ್ದವಳಿಗೆ 44. ಇದು ಅತಿ ಕಡಮೆಯೆಂದು ಕಂಡೇ ಇರಬೇಕು, 2024ರ ಜನವರಿಯಲ್ಲಿ 48 ಯೂನಿಟ್ಟಿಗಿಂತ ಕಡಮೆ ಬಳಸುವವರಿಗೆ ಶೇಕಡಾ ಹತ್ತರ ಬದಲು ಹತ್ತು ಯೂನಿಟ್ಟನ್ನೇ ಸೇರಿಸಿಕೊಡಲು ಸರ್ಕಾರ ಒಪ್ಪಿತು. ಹಾಗಾದರೂ ಐವತ್ತೆಲ್ಲಿ, ನೂರ ತೊಂಬತ್ತೆಂಟೆಲ್ಲಿ! ಮಿತವ್ಯಯವನ್ನು ಮಿತವಾದ ದಾನದಿಂದ ಸನ್ಮಾನಿಸಿದ ಹಾಗಾಯಿತು.

ವಿದ್ಯುತ್ ನಿರ್ವಹಣೆಯೆಂಬುದು ಯಂತ್ರದೊಂದಿಗೆ ಹುಟ್ಟಿದ ವಿದ್ಯೆಯೆಂದು ತಿಳಿದವರು ನಮ್ಮೂರಿಗೆ ಬರಬೇಕು. ನಮ್ಮದು ಪಾವಗಡ ತಾಲ್ಲೂಕಿನ ಒಂದು ಹಳ್ಳಿ. ನನ್ನ ತಾಯಿ ಓದಿದ್ದು ಎರಡನೆಯ ತರಗತಿಯವರೆಗೆ. ಫ್ಯಾನಿನ ಸದ್ದನ್ನು ಕೇಳಿಯೇ ವೋಲ್ಟೇಜು ಇಳಿದಿದೆಯೆಂದು ಹೇಳಬಲ್ಲಳು. ಇಳಿದಾಗ ಮಿಕ್ಸಿಯನ್ನು ಹಾಕಗೊಡುವುದಿಲ್ಲ. ಪಂಪುಸೆಟ್ಟಿನ ತ್ರೀ ಫೇಸು ಯಾವ ಸರದಿಯಲ್ಲಿ ಬರುತ್ತದೆಂಬುದು ಅವಳಿಗೆ ಏಕಾದಶಿಯಷ್ಟೇ ಕಂಠಪಾಠ. ಸಂಜೆಗೆ ಕರೆಂಟು ಹೋದೀತೆಂದು ಮಧ್ಯಾಹ್ನವೇ ರುಬ್ಬಿಡುತ್ತಾಳೆ. ನಾಲ್ಕು ಜನರಿಗೆ ಸ್ನಾನದ ನೀರನ್ನು ಕಡಲೆಕಾಯಿ ಸಿಪ್ಪೆ ಹಾಕಿ ಒಂದೇ ಉರಿಯಲ್ಲಿ ಕಾಯಿಸುತ್ತಾಳೆ. ಇದನ್ನೆಲ್ಲ ಮನುಷ್ಯರು ಮಾಡಿದರೆ ಕಷ್ಟಜೀವನ, ಯಂತ್ರ ಮಾಡಿದರೆ ತಂತ್ರಜ್ಞಾನ! ಆದರೆ ಅವಳು ಲೆಕ್ಕವಿಡದ ದೀಪವೊಂದುಂಟು. ಅದು ನಾನು ಓದುವ ದೀಪ. ಕುತೂಹಲದಿಂದ ಒಮ್ಮೆ ನಾನೇ ಲೆಕ್ಕಹಾಕಿ ನೋಡಿದೆ: 9 ವ್ಯಾಟಿನ ಬಲ್ಬು ದಿನಕ್ಕೆ ನಾಲ್ಕು ಗಂಟೆಯಂತೆ ಮೂರು ವರ್ಷ ಉರಿದರೆ ಸುಮಾರು 40 ಯೂನಿಟ್ಟು. ನಮ್ಮ ಮನೆತನದ ಮೊದಲ ಬಿ.ಎ. ಪದವಿಗೆ ತಗುಲಿದ ಬೆಳಕಿನ ವೆಚ್ಚ ಇನ್ನೂರ ನಲವತ್ತು ರೂಪಾಯಿ.

ನಮ್ಮ ತಾಲ್ಲೂಕಿನ ಹೆಸರು ಈಗ ವಿದ್ಯುತ್ತಿನ ಭೂಪಟದಲ್ಲಿಯೂ ಇದೆ. ತಿರುಮಣಿ, ಬಳಸಮುದ್ರ ಮೊದಲಾದ ಐದು ಊರುಗಳ ಸುಮಾರು 13,000 ಎಕರೆ ನೆಲದ ಮೇಲೆ ಸೌರಫಲಕಗಳನ್ನು ಹಾಸಿದ್ದಾರೆ. 2018ರ ಮಾರ್ಚಿಯಲ್ಲಿ ಇದರ ಉದ್ಘಾಟನೆಯಾಯಿತು. ಪೂರ್ಣ ಸಾಮರ್ಥ್ಯ 2,050 ಮೆಗಾವ್ಯಾಟ್. ರೈತರು ಭೂಮಿಯನ್ನು ಮಾರಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂ. ದರದಿಂದ ಮೊದಲುಮಾಡಿ ಗುತ್ತಿಗೆಗೆ ಕೊಟ್ಟರು. ಮಳೆ ಕೈಕೊಟ್ಟ ಸೀಮೆಯಲ್ಲಿ ಬಿಸಿಲೇ ಬೆಳೆಯಾಯಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಹಳ್ಳಿಗಳ ತಲೆಯ ಮೇಲೆ ಹಾದು ಕೋಲಾರದ ಚಿನ್ನದ ಗಣಿಗೆ ಹೋದಂತೆ, ನಮ್ಮ ಬಿಸಿಲೂ ತಂತಿಯೇರಿ ದೂರ ಹೋಗುತ್ತದೆ. ಅದಿರಲಿ, ನಾನು ಹೇಳಹೊರಟದ್ದು ಬೇರೆ. ಈ ಬಿಸಿಲಿನ ವಿದ್ಯುತ್ತು ನಡುಹಗಲಿನಲ್ಲಿ ಧಾರಾಳ, ಸಂಜೆ ಆರಕ್ಕೆ ಇಲ್ಲ. ಜನರಿಗೆ ಬೇಕಾಗುವುದಾದರೋ ಸಂಜೆಯೇ. ಆದುದರಿಂದ ಬಳಕೆಯನ್ನು ಹಗಲಿಗೆ ಸರಿಸಬೇಕೆಂಬುದು ಕಂಪನಿಗಳ ಕಟ್ಟುಕತೆಯಲ್ಲ, ನಿಜವಾದ ಅಗತ್ಯ. ಇದನ್ನು ಒಪ್ಪದೆ ಮುಂದಿನ ಮಾತಿಗೆ ಹೋಗುವುದು ನ್ಯಾಯವಲ್ಲ.

ಈ ಅಗತ್ಯಕ್ಕೆ ತಕ್ಕಂತೆ 2023ರ ಜೂನಿನಲ್ಲಿ ಕೇಂದ್ರ ಸರ್ಕಾರವು ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳನ್ನು ತಿದ್ದಿತು. ಬಿಸಿಲಿನ ಹೊತ್ತಿನ ದರ ಮಾಮೂಲು ದರಕ್ಕಿಂತ ಕಡೇಪಕ್ಷ ಶೇಕಡಾ ಇಪ್ಪತ್ತು ಕಡಮೆ. ಬೇಡಿಕೆ ಏರಿದ ಹೊತ್ತಿನಲ್ಲಿ ಮನೆಗಳಂತಹ ಬಳಕೆದಾರರಿಗೆ ಕಡೇಪಕ್ಷ ಶೇಕಡಾ ಹತ್ತು ಹೆಚ್ಚು. ಕೃಷಿಯನ್ನುಳಿದು ಮಿಕ್ಕೆಲ್ಲರಿಗೆ 2025ರ ಏಪ್ರಿಲ್ ಒಂದನ್ನು ಗಡುವೆಂದು ನಿಯಮ ಗೊತ್ತುಮಾಡಿತು. ಸ್ಮಾರ್ಟ್ ಮೀಟರು ಕುಳಿತ ಮನೆಗೆ ಅನ್ವಯ. ಕೇಳುವುದಕ್ಕೆ ನ್ಯಾಯವಾಗಿಯೇ ಇದೆ. ಆದರೆ ಹೊತ್ತನ್ನು ಸರಿಸಬಲ್ಲವರು ಯಾರು? ಬಟ್ಟೆ ಒಗೆಯುವ ಯಂತ್ರಕ್ಕೆ ಮಧ್ಯಾಹ್ನ ಹನ್ನೆರಡರ ಗಂಟೆ ಕಟ್ಟಿ ಕಚೇರಿಗೆ ಹೋಗಬಲ್ಲವರು. ಮಾಳಿಗೆಯ ಮೇಲೆ ಫಲಕ, ಮೆಟ್ಟಿಲ ಕೆಳಗೆ ಬ್ಯಾಟರಿ ಇರುವವರು. ಹಗಲೆಲ್ಲ ಕಳೆ ಕೀಳಲು ಹೋಗಿ ದೀಪ ಹಚ್ಚುವ ಹೊತ್ತಿಗೆ ಮನೆಗೆ ಬರುವ ಹೆಂಗಸು ಏನನ್ನು ಸರಿಸಿಯಾಳು? ಅಡಿಗೆಯನ್ನೆ, ಮಕ್ಕಳ ಓದನ್ನೆ? ಸಂಜೆಯ ಹೊತ್ತಿಗೆ 25 ಯೂನಿಟ್ಟು ಬಳಕೆಯಾಗುವ ಮನೆಗೆ ಶೇಕಡಾ ಹತ್ತರ ಏರಿಕೆಯೆಂದರೆ ತಿಂಗಳಿಗೆ ಹದಿನೈದು ರೂಪಾಯಿ. ದೊಡ್ಡ ಮೊತ್ತವಲ್ಲ. ಆದರೂ ರಿಯಾಯಿತಿ ಯಂತ್ರವುಳ್ಳವರಿಗೆ, ದಂಡ ಯಂತ್ರವಿಲ್ಲದವರಿಗೆ ಎಂಬ ರೀತಿ ಹದಿನೈದು ರೂಪಾಯಿಯಿಂದ ಆರಂಭವಾದರೂ ರೀತಿಯೇ.

ಇನ್ನು ಸ್ಮಾರ್ಟ್ ಮೀಟರಿನ ವಿಷಯ. 2021ರಲ್ಲಿ ಒಪ್ಪಿಗೆ ಪಡೆದ ಕೇಂದ್ರ ಯೋಜನೆಯಲ್ಲಿ ದೇಶಾದ್ಯಂತ 25 ಕೋಟಿ ಇಂತಹ ಮೀಟರುಗಳ ಗುರಿಯಿತ್ತು. ಆ ಯೋಜನೆ ಬಾಯಿಬಿಟ್ಟು ಹೇಳಿದ ಮುಖ್ಯ ಉದ್ದೇಶ ವಿತರಣಾ ಕಂಪನಿಗಳ ನಷ್ಟವನ್ನು ಇಳಿಸುವುದು. ಅದು ತಪ್ಪೇನಲ್ಲ, ನಷ್ಟದಲ್ಲಿರುವ ಕಂಪನಿ ನಮಗೆ ಒಳ್ಳೆಯ ಕರೆಂಟು ಕೊಡಲಾರದು. ಆದರೆ ಕಂಪನಿಯ ಹಿತಕ್ಕೆಂದು ಹುಟ್ಟಿದ ಸಾಧನವನ್ನು ಮನೆಯವರ ಖರ್ಚಿನಲ್ಲಿ ಕೂರಿಸುವಾಗ ಪ್ರಶ್ನೆ ಏಳದಿರುವುದೆ? ನಮ್ಮ ರಾಜ್ಯದಲ್ಲಿ 2025ರ ಫೆಬ್ರವರಿಯಲ್ಲಿ ಬೆಂಗಳೂರು ವಿದ್ಯುತ್ ಸರಬರಾಜು ಕಂಪನಿಯ ವ್ಯಾಪ್ತಿಯಲ್ಲಿ ಹೊಸ ಸಂಪರ್ಕಗಳಿಗೆ ಈ ಮೀಟರು ಕಡ್ಡಾಯವಾಯಿತು. ಹಿಂದೆ ಸಾವಿರ ರೂಪಾಯಿಯ ಆಸುಪಾಸಿನಲ್ಲಿದ್ದ ಸಿಂಗಲ್ ಫೇಸ್ ಮೀಟರಿನ ಸ್ಥಾನಕ್ಕೆ ಸುಮಾರು ಐದು ಸಾವಿರದ ಮೀಟರು ಬಂದಿತು. ಅದರ ಮೇಲೆ ವಿಧಾನಮಂಡಲದಲ್ಲಿಯೂ ಉಚ್ಚ ನ್ಯಾಯಾಲಯದಲ್ಲಿಯೂ ನಡೆದ ವಾದಗಳನ್ನು ಪತ್ರಿಕೆ ಓದುವ ಎಲ್ಲರೂ ಬಲ್ಲರು. ಆ ವಾದವೆಲ್ಲ ಬೆಲೆಯ ಸುತ್ತಲೇ ತಿರುಗಿತು. ಬೆಲೆಗಿಂತ ಹಿರಿದಾದ ಸಂಗತಿಯೊಂದು ಚರ್ಚೆಯಿಲ್ಲದೆ ಉಳಿಯಿತೆಂದು ನನಗೆ ತೋರುತ್ತದೆ.

ಹಳೆಯ ಮೀಟರು ತಿಂಗಳಿಗೊಂದು ಅಂಕಿಯನ್ನು ಹೇಳುತ್ತಿತ್ತು. ಹೊಸದು ಅರ್ಧ ಗಂಟೆಗೊಮ್ಮೆ, ಕಾಲು ಗಂಟೆಗೊಮ್ಮೆ ಅಂಕಿಯನ್ನು ಬರೆದಿಟ್ಟುಕೊಂಡು ಕಳುಹಿಸಬಲ್ಲುದು. ಈ ಅಂಕಿಗಳಿಂದ ಏನು ತಿಳಿದೀತೆಂದು ಹಗುರವಾಗಿ ಕಾಣಬಾರದು. ಅಮೆರಿಕದ ಎಂ.ಐ.ಟಿ.ಯಲ್ಲಿ ಜಾರ್ಜ್ ಹಾರ್ಟ್ ಎಂಬ ವಿಜ್ಞಾನಿ 1980ರ ದಶಕದಲ್ಲಿಯೇ ಒಂದು ವಿದ್ಯೆಯನ್ನು ಕಂಡುಹಿಡಿದರು. ಮನೆಗೆ ಬರುವ ತಂತಿಯೊಂದರಲ್ಲಿಯೇ ಕರೆಂಟಿನ ಏರಿಳಿತವನ್ನು ಸೂಕ್ಷ್ಮವಾಗಿ ಅಳೆದರೆ, ಒಳಗೆ ಫ್ರಿಜ್ಜು ಯಾವಾಗ ಶುರುವಾಯಿತು, ಹೀಟರು ಯಾವಾಗ ಆರಿತು ಎಂಬುದನ್ನು ಒಳಗೆ ಕಾಲಿಡದೆಯೇ ಹೇಳಬಹುದು. ಒಂದೊಂದು ಯಂತ್ರಕ್ಕೂ ಒಂದೊಂದು ಹೆಜ್ಜೆಗುರುತು. ಈಗಿನ ಗೃಹ ನಿರ್ವಹಣೆಯ ಎಷ್ಟೋ ಸಾಧನಗಳ ಹಿಂದೆ ಇರುವುದು ಇದೇ ತತ್ತ್ವ. ಮೆಚ್ಚಬೇಕಾದುದೇನೆಂದರೆ, ಈ ವಿದ್ಯೆಯಿಂದ ಮನೆಯವರ ಮೇಲೆ ಗೂಢಚರ್ಯೆ ನಡೆಯಬಹುದೆಂದು 1989ರಲ್ಲಿ ಲೇಖನ ಬರೆದು ಎಚ್ಚರಿಸಿದವರೂ ಅವರೇ. ಕಾಲು ಗಂಟೆಯ ಅಂಕಿಗಳಿಂದ ಅಷ್ಟು ಸೂಕ್ಷ್ಮ ತಿಳಿಯದು, ನಿಜ. ಆದರೆ ಮನೆಯವರು ಏಳುವುದು ಎಷ್ಟು ಹೊತ್ತಿಗೆ, ಮಲಗುವುದು ಎಷ್ಟು ಹೊತ್ತಿಗೆ, ಮನೆ ಯಾವ ದಿನ ಖಾಲಿ ಎಂಬಷ್ಟು ಧಾರಾಳವಾಗಿ ತಿಳಿದೀತು. ನೆರೆಮನೆಯವರು ಇಷ್ಟನ್ನು ಇಣುಕಿ ನೋಡಿದರೆ ನಮ್ಮೂರಿನಲ್ಲಿ ಜಗಳವೇ ಆಗುತ್ತದೆ.

ಇದನ್ನು ವೃಥಾ ಭಯವೆಂದು ನಗುವವರುಂಟು. ಹಾಲೆಂಡಿನ ಮೇಲ್ಮನೆಯ ಸದಸ್ಯರು ನಗಲಿಲ್ಲ. ಅಲ್ಲಿ ಸ್ಮಾರ್ಟ್ ಮೀಟರನ್ನು ಕಡ್ಡಾಯಮಾಡುವ ಮಸೂದೆಯನ್ನು 2009ರಲ್ಲಿ ಮನೆಯ ಗೋಪ್ಯದ ಕಾರಣದಿಂದ ತಡೆದರು. ಮುಂದೆ, ಬೇಡವೆನ್ನುವ ಹಕ್ಕನ್ನು ಗ್ರಾಹಕರಿಗೆ ಕೊಟ್ಟ ಮೇಲೆಯೇ ಕಾನೂನು ನಡೆಯಿತು. ಇಂಗ್ಲೆಂಡಿನಲ್ಲಿ ಇನ್ನೊಂದು ಬಗೆ. ಅಲ್ಲಿ ಮನೆಗೆ ಈ ಮೀಟರನ್ನು ಹಾಕುವಾಗ ಅಡಿಗೆಮನೆಯ ಕಟ್ಟೆಯ ಮೇಲೆ ಇಡಬಹುದಾದ ಒಂದು ಪುಟ್ಟ ಪರದೆಯನ್ನೂ ಬೇರೆ ಹಣ ಕೇಳದೆ ಕೊಡಮಾಡಬೇಕು. ಈ ಗಳಿಗೆಯಲ್ಲಿ ಎಷ್ಟು ಕರೆಂಟು ಹೋಗುತ್ತಿದೆ, ಅದಕ್ಕೆ ಎಷ್ಟು ಹಣ ಎಂಬುದನ್ನು ಅದು ಮನೆಯವರ ಕಣ್ಣಮುಂದೆಯೇ ತೋರಿಸುತ್ತದೆ. ಫೋನು ಬೇಡ, ಪಾಸ್‌ವರ್ಡು ಬೇಡ. ಆ ಪರದೆಯನ್ನು ಡ್ರಾಯರಿಗೆ ಹಾಕಿ ಮರೆತವರು ಅಲ್ಲಿಯೂ ಇರಬಹುದು. ಆದರೆ ಮೀಟರಿನ ಮಾತು ಮೊದಲು ಮನೆಯೊಳಗೆ ಕೇಳಬೇಕೆಂಬ ಮರ್ಯಾದೆ ಅದರಲ್ಲಿದೆ.

ನಮ್ಮಲ್ಲಿಯೂ ಇದಕ್ಕೆ ಹೊಸ ಕಾನೂನು ಬೇಕಾಗಿಲ್ಲ. ನಾನು ಮೇಲೆ ಹೇಳಿದ 2023ರ ನಿಯಮದಲ್ಲಿಯೇ ಸ್ಮಾರ್ಟ್ ಮೀಟರನ್ನು ದಿನಕ್ಕೊಮ್ಮೆಯಾದರೂ ದೂರದಿಂದಲೇ ಓದಬೇಕು, ಆ ಅಂಕಿಗಳನ್ನು ಗ್ರಾಹಕರಿಗೆ ತಿಳಿಸಬೇಕು ಎಂದಿದೆ. ತಿಳಿಸುವುದೆಂದರೆ ಹೇಗೆ, ಯಾವ ಭಾಷೆಯಲ್ಲಿ, ಮನೆಯ ಯಾರಿಗೆ ಎಂಬುದಷ್ಟೇ ಪ್ರಶ್ನೆ. ನಮ್ಮ ಮನೆಯಲ್ಲಿ ಬಿಲ್ಲನ್ನು ಓದಬಲ್ಲವಳು ನಾನೊಬ್ಬಳೇ. ಫೋನಿನ ಸಂಖ್ಯೆ ಇರುವುದು ತಂದೆಯ ಹೆಸರಿನಲ್ಲಿ. ಕರೆಂಟಿನ ಬಳಕೆಯನ್ನು ನಿರ್ಧರಿಸುವವಳು ತಾಯಿ. ಸಂದೇಶವು ತಂದೆಯ ಜೇಬಿನಲ್ಲಿ ಮೊಳಗಿ ಅಲ್ಲಿಯೇ ಆರಿಹೋದರೆ ಮೀಟರು ಎಷ್ಟು ಜಾಣನಾದರೇನು? ದೊಡ್ಡ ಕನ್ನಡ ಅಂಕಿಗಳಲ್ಲಿ ಇಂದಿನ ಬಳಕೆ ಇಷ್ಟು, ಈ ತಿಂಗಳಿನ ಉಚಿತದಲ್ಲಿ ಉಳಿದದ್ದು ಇಷ್ಟು, ಈಗಿನದು ಸೋವಿಯ ಹೊತ್ತೋ ತುಟ್ಟಿಯ ಹೊತ್ತೋ ಎಂದು ತೋರಿಸುವ ಪರದೆಯೊಂದು ಒಲೆಯ ಪಕ್ಕದ ಗೋಡೆಯ ಮೇಲಿದ್ದರೆ, ತ್ರೀ ಫೇಸಿನ ಸರದಿಯನ್ನು ಬಾಯಿಪಾಠ ಮಾಡಿದವಳಿಗೆ ಅದನ್ನು ಓದಲು ಕಲಿಯುವುದು ಒಂದು ವಾರದ ಕೆಲಸ.

ದರ ನಿಗದಿಯಾಗುವ ಮುನ್ನ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ಸಾರ್ವಜನಿಕರಿಂದ ಆಕ್ಷೇಪಣೆಗಳನ್ನು ಕರೆದು ವಿಚಾರಣೆ ನಡೆಸುತ್ತದೆ. ಅದಕ್ಕೆ ವಕೀಲರೇ ಆಗಬೇಕಾಗಿಲ್ಲ. ಯಾವ ಗ್ರಾಹಕನಾದರೂ ಬರೆಯಬಹುದು. ಸಂಜೆಯ ದರದಿಂದ ಸಣ್ಣ ಮನೆಗಳನ್ನು ಬಿಡಬೇಕು, ಸ್ಮಾರ್ಟ್ ಮೀಟರಿನೊಡನೆ ಕನ್ನಡದ ಪರದೆಯನ್ನು ಕೊಡಬೇಕು, ಕಾಲು ಗಂಟೆಯ ಅಂಕಿಗಳನ್ನು ಮನೆಯವರ ಲಿಖಿತ ಒಪ್ಪಿಗೆಯಿಲ್ಲದೆ ಯಾರಿಗೂ ಕೊಡಕೂಡದು ಎಂದು ನಾನೊಂದು ಕರಡನ್ನು ಬರೆದಿಟ್ಟಿದ್ದೇನೆ. ಮೀಟರು ತಾಯಿಯ ಹೆಸರಿನಲ್ಲಿರುವುದರಿಂದ ಅರ್ಜಿಯಲ್ಲಿ ಅವಳದೇ ಸಹಿ ಇರುತ್ತದೆ. ತಮ್ಮ ಮನೆಯ ಹನ್ನೆರಡು ತಿಂಗಳ ಬಿಲ್ಲುಗಳನ್ನು ತಂದು ನನ್ನ ಲೆಕ್ಕದೊಡನೆ ತಾಳೆನೋಡಲು ಒಪ್ಪುವ ಸಹಪಾಠಿಗಳು ಪರೀಕ್ಷೆ ಮುಗಿದ ಮೇಲೆ ವಾಚನಾಲಯದಲ್ಲಿ ಸಿಕ್ಕಬಹುದು. ಕರಡಿನ ಭಾಷೆಯನ್ನು ಅಧ್ಯಾಪಕರಲ್ಲಿ ಯಾರಾದರೂ ತಿದ್ದಿಕೊಟ್ಟರೆ ಇನ್ನೂ ಒಳ್ಳೆಯದು.